ನೆಟ್ಟಗೆ ಏಳುವ ಯಂತ್ರ

ಜಡೆಪ್ಪ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಇಂಜಿನ್ ಮಿಸ್ತ್ರಿಯಾಗಿದ್ದ. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ತಾಯಿ ಎರ್ರಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವವರೇ ಇಲ್ಲವಾದರು.

೧೯೩೫ರಲ್ಲಿ ಬಳ್ಳಾರಿಯ ಬಯಲಿನಲ್ಲಿ ವಿಮಾನವೊಂದು ಇಳಿದು ಮತ್ತೆ ಹಾರಿದ್ದನ್ನು ಅವನು ನೋಡಿ ಬಂದ. ಉಳಿದವರು ಅದು ಹಾರಿದ್ದಕ್ಕೆ ಬೆರಗಾದರು. ಅವನ ತಲೆಯಲ್ಲಿ ಉಳಿದದ್ದು ಏಳುವ ಮೊದಲು ಅದು ಓಡಿದ ದೂರ. ಕಂಪ್ಲಿಯಲ್ಲಿ ಗದ್ದೆ, ಹಂಪಿಯಲ್ಲಿ ಬಂಡೆ, ಸಂಡೂರಿನಲ್ಲಿ ಗುಡ್ಡ, ಓಡುವುದೆಲ್ಲಿ? ನಿಂತಲ್ಲಿಂದಲೇ ಏಳಬೇಕು. ರೆಕ್ಕೆಯನ್ನು ತಲೆಯ ಮೇಲಿಟ್ಟು ತಿರುಗಿಸಿದರೆ?

ಗಿರಣಿಯ ಮಾಲೀಕ ಕೊಟ್ರಬಸಪ್ಪನವರಿಗೆ ಹೇಳಿದ. ಅವರು ನಕ್ಕರು. “ಮಿಸ್ತ್ರಿ, ನಿನಗ ಟೈಮಿಗೆ ಮದಿವಿ ಮಾಡಬೇಕಾಗಿತ್ತು ನೋಡು.”

ಆಮೇಲೆ ಅವನು ಯಾರಿಗೂ ಹೇಳಲಿಲ್ಲ. ಗಿರಣಿಯ ಹಿತ್ತಲಲ್ಲಿ ಬಿದಿರು, ಕಬ್ಬಿಣದ ಪಟ್ಟಿ ಸೇರಿಸಿ ಚೌಕಟ್ಟು ಕಟ್ಟಿದ. ಹಳೆಯ ಮೋಟಾರ್ ಸೈಕಲ್ಲಿನ ಇಂಜಿನ್ ಕೂರಿಸಿದ. ಮೇಲೆ ತೇಗದ ಉದ್ದನೆಯ ರೆಕ್ಕೆ. ಆದರೆ ರೆಕ್ಕೆ ಬಲಕ್ಕೆ ತಿರುಗಿದರೆ ಚೌಕಟ್ಟು ಎಡಕ್ಕೆ ಗಿರ್ರನೆ ಸುತ್ತಿ, ಕಟ್ಟಿದ ಹಗ್ಗಗಳನ್ನೇ ಕಿತ್ತುಕೊಂಡು ಉರುಳುತ್ತಿತ್ತು. ಭಾರ ಹೇರಿದರೆ ಏಳುತ್ತಲೇ ಇರಲಿಲ್ಲ. ಎಂಟು ತಿಂಗಳು ಹೀಗೇ ಕಳೆಯಿತು.

ಒಂದು ದಿನ ಹೊಳೆಯಾಚೆಯ ಕಮ್ಮಾರನನ್ನು ಕಾಣಲು ಹರಿಗೋಲು ಹತ್ತಿದ. ಗಂಡ ಸತ್ತ ಮೇಲೆ ತಾನೇ ಹುಟ್ಟು ಹಿಡಿದಿದ್ದ ಹುಲುಗಮ್ಮ ಅದನ್ನು ನಡೆಸುತ್ತಿದ್ದಳು. ಅವನ ಮುಖ ನೋಡಿ, “ಯಾಕ್ರಿ ಮಿಸ್ತ್ರಿ, ಮಾರಿ ಸಣ್ಣ ಮಾಡೀರಿ?” ಅಂದಳು.

ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಹೊಳೆ ದಾಟುವಷ್ಟರಲ್ಲಿ ಅವನು ಎಲ್ಲವನ್ನೂ ಹೇಳಿಬಿಟ್ಟ. ಅವಳು ನಗಲಿಲ್ಲ.

“ಒಂದ ಕಡೆ ಹುಟ್ಟು ಹಾಕಿದ್ರ ಹರಿಗೋಲೂ ಹಂಗ ಸುತ್ತತೈತ್ರಿ. ಸೆಳವು ಭಾಳ ಇದ್ದಾಗ ಆ ಕಡೆ ಒಬ್ರು, ಈ ಕಡೆ ಒಬ್ರು ಕುಂತು ಹಾಕ್ತೀವಿ. ಒಬ್ರು ತಿರುಗಿಸಿದ್ದನ್ನ ಇನ್ನೊಬ್ರು ತಡೀತಾರ.”

ಜಡೆಪ್ಪ ಕಮ್ಮಾರನ ಮನೆಗೆ ಹೋಗಲಿಲ್ಲ. ಅದೇ ಹರಿಗೋಲಿನಲ್ಲಿ ಮರಳಿದ.

ಹಲ್ಲುಚಕ್ರಗಳನ್ನು ಅರದಿಂದ ತಾನೇ ಉಜ್ಜಿ, ಒಂದರ ಮೇಲೊಂದು, ಎದುರುಬದುರಾಗಿ ತಿರುಗುವ ಎರಡು ರೆಕ್ಕೆ ಹೂಡಲು ಅವನಿಗೆ ಒಂದು ವರ್ಷ ಹಿಡಿಯಿತು. ಗಿರಣಿಗೆ ರಜೆಯಿದ್ದ ಒಂದು ಬೆಳಗ್ಗೆ ಹುಲುಗಮ್ಮನನ್ನು ಮಾತ್ರ ಕರೆದ. ಇಂಜಿನ್ ಗುಡುಗಿತು. ಹೊಟ್ಟು, ದೂಳು ಎದ್ದು ಕಣ್ಣು ತುಂಬಿತು. ಯಂತ್ರ ಸುತ್ತಲಿಲ್ಲ. ನಡುಗುತ್ತ ನೆಲ ಬಿಟ್ಟಿತು. ಒಂದು ಮೊಳ, ಎರಡು ಮೊಳ. ನಾಲ್ಕು ಹಗ್ಗಗಳೂ ಬಿಗಿದು ನಿಂತವು.

“ಎದ್ದೈತ್ರಿ! ಮಿಸ್ತ್ರಿ, ಎದ್ದೈತ್ರಿ!” ಹುಲುಗಮ್ಮ ಕೂಗಿದಳು.

ಅಷ್ಟರಲ್ಲಿ ಕೆಳಗಿನ ರೆಕ್ಕೆ ಮುರಿದು ಗಿರಣಿಯ ಹೆಂಚುಗಳ ಮೇಲೆ ಅಪ್ಪಳಿಸಿತು. ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ಕೊಟ್ರಬಸಪ್ಪನವರು ಬಂದು ನೋಡಿದರು. “ಯಾರರ ಸತ್ತಿದ್ರ ಏನ್ ಮಾಡ್ತಿದ್ದಿ? ಇದನ್ನ ಬಿಚ್ಚು, ಇಲ್ಲಾ ಕೆಲಸ ಬಿಡು.”

ಅವನು ಕೆಲಸ ಬಿಟ್ಟ. ಆದರೆ ಯಂತ್ರ ಇಡಲು ಬೇರೆ ಜಾಗ ಸಿಗದೆ ಅದನ್ನೂ ಬಿಚ್ಚಬೇಕಾಯಿತು. ನಕ್ಷೆಗಳನ್ನು ಮದರಾಸಿನ ಸರಕಾರಕ್ಕೆ ಕಳಿಸಿದ, ಉತ್ತರ ಬರಲಿಲ್ಲ. ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಪಂಪು ರಿಪೇರಿಗೆ ಸೇರಿದ. ಅಲ್ಲಿ ಅವನ ಹಾರುವ ಯಂತ್ರದ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ.

೧೯೪೪ರಲ್ಲಿ, ಹೊಸಪೇಟೆಯ ಚಹದಂಗಡಿಯಲ್ಲಿ, ಪತ್ರಿಕೆಯೊಂದರಲ್ಲಿ ಚಿತ್ರ ಕಂಡ. ಅಮೆರಿಕದಲ್ಲಿ ನಿಂತಲ್ಲಿಂದಲೇ ಏಳುವ ಯಂತ್ರ, ಒಳಗೆ ಮನುಷ್ಯ ಕೂತಿದ್ದಾನೆ. ತಲೆಯ ಮೇಲೆ ಒಂದೇ ರೆಕ್ಕೆ. ಇದು ಸುತ್ತದೆ ಹೇಗೆ ನಿಂತಿತು? ಬಗ್ಗಿ ನೋಡಿದ. ಬಾಲದ ತುದಿಯಲ್ಲಿ ಪಕ್ಕಕ್ಕೆ ಮುಖಮಾಡಿದ ಚಿಕ್ಕ ಫ್ಯಾನು. ಅವನಿಗೆ ಹೊಟ್ಟೆಕಿಚ್ಚಾಗಲಿಲ್ಲ. ಎಷ್ಟು ಸುಲಭದ ಉಪಾಯ, ನನಗೆ ಹೊಳೆಯಲೇ ಇಲ್ಲವಲ್ಲ ಎಂದು ಖುಷಿಯೇ ಆಯಿತು. ಆ ಖುಷಿಯನ್ನು ಹೇಳಿಕೊಳ್ಳಲು ಲೋಕದಲ್ಲಿ ಒಬ್ಬಳೇ ಇದ್ದಳು.

ಪತ್ರಿಕೆ ಕೇಳಿ ಪಡೆದು ಕಂಪ್ಲಿಯ ಬಸ್ಸು ಹತ್ತಿದ. ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದವಳು ಬೇರೆ ಹೆಂಗಸು.

“ಹುಲುಗಮ್ಮ ಎಲ್ಲಿ, ತಾಯಿ?”

“ಆಕಿ ಹೋಗಿ ಎರಡು ವರ್ಷ ಆತ್ರಿ. ಜ್ವರ ಬಂದಿತ್ತು. ನೀವು ಆಕಿಗೆ ಏನಾಗಬೇಕ್ರಿ?”

ಜಡೆಪ್ಪ ದಡದಲ್ಲಿ ಕೂತ. ಆಮೇಲೆ ಪತ್ರಿಕೆಯನ್ನು ತೊಡೆಯ ಮೇಲೆ ಹರಡಿ, ಚಿತ್ರದ ಅಂಚಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಆ ಚಿಕ್ಕ ಫ್ಯಾನಿನ ಅಳತೆ ಲೆಕ್ಕಹಾಕತೊಡಗಿದ.