ಸೀತುವಿನ ಹೆಸರಿನ ಸ್ಕೂಟರು

ನರಿಮೊಗರಿನ ಸೀತುವಿಗೆ ಸೈಕಲ್ಲು ಕೂಡ ಬಿಡಲು ಬಾರದು. ಅಂಥವಳ ಹೆಸರಿಗೆ ಎಂಬತ್ತಮೂರನೇ ಇಸವಿಯ ಬೇಸಗೆಯಲ್ಲಿ ಮಂಗಳೂರಿನಿಂದ ಒಂದು ಕಾರ್ಡು ಬಂತು. ನಿಮ್ಮ ಸ್ಕೂಟರು ಬಂದಿದೆ, ಹದಿನೈದು ದಿನದೊಳಗೆ ಸಹಿ ಹಾಕಿ ಒಯ್ಯಿರಿ, ತಪ್ಪಿದರೆ ಸರದಿ ಮುಂದಿನವರಿಗೆ ಹೋಗುತ್ತದೆ ಎಂದು ಅದರಲ್ಲಿತ್ತು. ಓದಿ ಹೇಳಿದ ಅಂಚೆಯವನು ನಗು ತಡೆಯಲಾರದೆ ಹೋದ. ಸೀತು ನಗಲಿಲ್ಲ. ಬೀಡಿ ಎಲೆ ಹರಡಿದ ತಡ್ಪೆ ಮೊರವನ್ನು ಮಡಿಲಿನಿಂದ ಇಳಿಸಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಏಳೆಂಟು ವರ್ಷದ ಹಿಂದಿನ ಸಂಗತಿ ಆಗ ನೆನಪಾಯಿತು. ಒಬ್ಬರ ಹೆಸರಿಗೆ ಒಂದೇ ಸ್ಕೂಟರು ಎಂಬ ಕಾಲವದು. ಊರಿನ ಜಮೀನಿನ ಧನಿ ಸರ್ವೋತ್ತಮ ರೈಗಳು ಹೆಂಡತಿ, ಅತ್ತೆ, ತೋಟದ ಆಳು ಎನ್ನದೆ ಎಲ್ಲರ ಹೆಸರಿನಲ್ಲೂ ಮುಂಗಡ ಕಟ್ಟಿದ್ದರು. ಸೀತುವಿನ ಮನೆಯಡಿಯ ಹತ್ತು ಸೆಂಟ್ಸು ಅಷ್ಟರಲ್ಲಿ ಭೂಸುಧಾರಣೆಯ ಡಿಕ್ಲರೇಶನ್ನಿನಲ್ಲಿ ರೈಗಳ ಕೈಬಿಟ್ಟು ಅವಳದಾಗಿತ್ತು. ಜಾಗ ಹೋದರೂ ಜಾಗದ ಮೇಲಿನ ಜನ ತಮ್ಮವರೇ ಎಂಬ ಎಣಿಕೆ ಮಾತ್ರ ರೈಗಳನ್ನು ಬಿಟ್ಟು ಹೋಗಿರಲಿಲ್ಲ.

"ಒಂದು ಸಹಿ ಹಾಕು ಸೀತು. ನಿನ್ನ ಕರೆಂಟು ಕಂಬದ್ದು ಮತ್ತೆ ನೋಡುವ," ಎಂದಿದ್ದರು.

ಆ 'ನೋಡುವ' ಇನ್ನೂ ಮುಗಿದಿರಲಿಲ್ಲ. ತಂತಿ ರೈಗಳ ತೋಟದ ಮೇಲಿಂದಲೇ ಬರಬೇಕು, ದಾರಿಯಲ್ಲಿ ಎರಡು ತೆಂಗಿನಮರ ಹೋಗುತ್ತವೆ, ಅವರ ಒಪ್ಪಿಗೆ ಸಹಿ ಇಲ್ಲದೆ ಕಂಬ ಹಾಕುವುದಿಲ್ಲ ಎಂದು ಕರೆಂಟು ಆಫೀಸಿನವರು ಕೈ ತೊಳೆದುಕೊಂಡಿದ್ದರು. ಸೀತು ಚಿಮಿಣಿ ದೀಪದಲ್ಲೇ ಬೀಡಿ ಕಟ್ಟುತ್ತಿದ್ದಳು. ಈಚೆಗೆ ಕಣ್ಣು ಮಂಜಾದಂತಾಗಿ, ಬೀಡಿ ಕಂಪನಿಯ ಬ್ರಾಂಚಿನಲ್ಲಿ ಬೀಡಿ ಆರಿಸುವವನು ಅವಳ ಕಟ್ಟಿನಿಂದ ಹಿಡಿ ಹಿಡಿಯಾಗಿ ಎತ್ತಿ ಬಿಸಾಡತೊಡಗಿದ್ದ. ಎಲೆ ಕೊಡುವುದನ್ನೇ ನಿಲ್ಲಿಸಿಬಿಟ್ಟರೆ ಊಟಕ್ಕೇನು ಗತಿ ಎಂಬ ಹೆದರಿಕೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಆದರೂ ಆ ದಿನ ಹೆದರಿಕೆಗಿಂತ ಕುತೂಹಲವೇ ದೊಡ್ಡದಾಯಿತು. ಬೇಲಿಯಾಚೆಯ ಮೈಮೂನಮ್ಮನನ್ನು ಕರೆದು ಕೇಳಿದಳು.

"ರೈಗಳಿಗೆ ಒಂದು ಸ್ಕೂಟರ್ ಉಂಟಲ್ಲ, ಇನ್ನೊಂದು ಎಂತಕ್ಕೆ?"

"ಮಾರ್ಲಿಕ್ಕೆ ಮಾರಾಯ್ತಿ. ಹೆಂಡತಿ ಹೆಸರಿನದ್ದನ್ನು ಒಂದು ವರ್ಷ ಓಡಿಸಿ ಮಾರಿದ್ರಲ್ಲ, ಹೊಸತರ ಕ್ರಯಕ್ಕಿಂತ ಜಾಸ್ತಿ ಸಿಕ್ಕಿತಂತೆ."

"ಓಡಿಸಿದ್ದಕ್ಕೆ ಜಾಸ್ತಿಯಾ?"

ಸೀತುವಿಗೆ ನಂಬಿಕೆ ಬರಲಿಲ್ಲ. ಮೀನಾದರೆ ಸಂಜೆಗೇ ಅರ್ಧ ಕ್ರಯ. ಉಟ್ಟ ಸೀರೆಯನ್ನು ಪುಕ್ಕಟೆ ಕೊಟ್ಟರೂ ಮೂಗು ಮುರಿಯುತ್ತಾರೆ. ಇದೆಂಥ ಮಾಯದ ಗಾಡಿ? ಯೋಚಿಸುತ್ತ ಕಟ್ಟಿದ ಬೀಡಿಗಳಲ್ಲಿ ಹೊಗೆಸೊಪ್ಪು ತುಂಬಿದ್ದೂ ಉಂಟು, ಬಿಟ್ಟದ್ದೂ ಉಂಟು.

ಮರುದಿನ ರೈಗಳೇ ಬಂದರು. ಜೊತೆಗೆ ಪುತ್ತೂರಿನಲ್ಲಿ ಗಾಡಿಗಳ ದಲ್ಲಾಳಿ ಮಾಡುವ ಗೌರೀಶಂಕರ.

"ನಾಳೆ ಬೆಳಿಗ್ಗೆ ಹೊರಟು ನಿಲ್ಲು. ಮಂಗಳೂರಿಗೆ ಹೋಗಿ ಸಹಿ ಹಾಕಿ ಬರುದು," ಎಂದರು ರೈಗಳು ಜಗಲಿಯಲ್ಲಿ ಕೂರುತ್ತ.

"ಬರ್ತೇನೆ ಧನಿ. ಮೊದಲು ನನಗೊಂದು ಗೊತ್ತಾಗ್ಬೇಕು. ಹಳತಕ್ಕೆ ಹೊಸತಕ್ಕಿಂತ ಕ್ರಯ ಜಾಸ್ತಿ ಹೇಗೆ?"

ರೈಗಳು ಮುಖ ಸಿಂಡರಿಸಿದರು. ಗೌರೀಶಂಕರನಿಗೋ ತನ್ನ ವ್ಯಾಪಾರದ ವಿಷಯ ಯಾರಾದರೂ ಕೇಳಿದರೆ ಸಾಕು, ಹಿಗ್ಗು.

"ಅಂಗಡಿಯ ಕ್ರಯ ಸ್ಕೂಟರಿಗೆ ಅಕ್ಕ. ಮೇಲಿನ ದುಡ್ಡು ಕಾದದ್ದಕ್ಕೆ. ಈಗ ಕೋಡಿಂಬಾಳದ ರಬ್ಬರಿನವರು ಒಬ್ರು ಅಳಿಯನಿಗೆ ಸ್ಕೂಟರ್ ಕೊಡ್ತೇನೆ ಅಂತ ಮಾತು ಕೊಟ್ಟಿದ್ದಾರೆ. ಮದುವೆ ಬರುವ ಆದಿತ್ಯವಾರ. ಇವತ್ತು ಬರೆಸಿದ್ರೆ ಮೊಮ್ಮಕ್ಕಳ ಕಾಲಕ್ಕೆ ಸಿಕ್ಕುದು. ಕಾಯ್ಲಿಕ್ಕೆ ಆಗದವ ಕಾದವನಿಗೆ ಕೊಡ್ಬೇಕು, ಅಷ್ಟೇ. ಧನಿಗಳು ಅಡ್ವಾನ್ಸೂ ತೆಗೊಂಡಾಗಿದೆ."

"ನಿನ್ನ ಬಾಯಿಗೆ ಬೀಗ ಇಲ್ವಾ ಮಾರಾಯ!" ಎಂದು ರೈಗಳು ಗದರಿದರು.

ಸೀತುವಿನ ಮುಖ ಅರಳಿತು. ಹಿಂದಿನ ದಿನದಿಂದ ಬಿಚ್ಚದ ಗಂಟು ಬಿಚ್ಚಿತ್ತು. ಆಮೇಲೆ ಅವಳು ನಿಧಾನವಾಗಿ ಕೇಳಿದಳು.

"ಹಾಗಾದ್ರೆ ಇದರಲ್ಲಿ ಕಾದದ್ದು ಯಾರು?"

"ಮುಂಗಡ ಕಟ್ಟಿದ್ದು ನಾನು!"

"ಅದು ಹೌದು. ದುಡ್ಡು ನಿಮ್ಮದೇ, ಸ್ಕೂಟರೂ ನಿಮ್ಮದೇ. ನನಗೆ ಒಂದು ಪೈಸೆ ಬೇಡ. ನಾನು ಕಾದದ್ದು ಕಂಬಕ್ಕೆ."

ಒಳಗೆ ಹೋಗಿ ಕರೆಂಟು ಆಫೀಸಿನ ಒಪ್ಪಿಗೆ ಕಾಗದವನ್ನು ತಂದು ಜಗಲಿಯ ಮೇಲಿಟ್ಟಳು. "ನೀವು ಇದಕ್ಕೆ ಹಾಕಿ. ನಾಳೆ ನಾನು ಅದಕ್ಕೆ ಹಾಕ್ತೇನೆ."

"ನೋಡುವ," ಎಂದರು ರೈಗಳು.

"ಆಯ್ತು ಧನಿ, ನೋಡುವ. ನನಗೆ ಅವಸರ ಇಲ್ಲ. ಕಾದು ಅಭ್ಯಾಸ ಉಂಟು."

ಹಾಗೆಂದು ತಡ್ಪೆ ಮಡಿಲಿಗೆಳೆದುಕೊಂಡಳು. ಸುತ್ತಲು ಹೋದ ಎಲೆ ಹರಿಯಿತು. ರೈಗಳ ಎದುರು ಅವಳು ಇಷ್ಟು ಮಾತಾಡಿದ್ದು ಹುಟ್ಟಿದ ಮೇಲೆ ಇದೇ ಮೊದಲು. ರೈಗಳು ಎದ್ದರು, ಅಂಗಳಕ್ಕಿಳಿದರು, ತಮ್ಮ ತೆಂಗಿನಮರಗಳನ್ನು ನೋಡಿದರು. ಗೌರೀಶಂಕರ ಕೆಮ್ಮಿ, "ಆದಿತ್ಯವಾರ, ಧನಿ," ಎಂದ.

"ಗೊತ್ತುಂಟು! ಪೆನ್ನು ಕೊಡು!"

ಮಂಗಳೂರಿನಲ್ಲಿ ಸಹಿ ಹಾಕಿದ ಮೇಲೆ ಸೀತು ಸ್ಕೂಟರಿಗೆ ಒಂದು ಸುತ್ತು ಬಂದಳು, ಸೀಟನ್ನು ಬೆರಳಿನಿಂದ ಒತ್ತಿ ನೋಡಿದಳು. "ಕ್ರಯ ಈಗಲೇ ಏರಿತಾ?" ಎಂದು ಕೇಳಿದಳು. ಏರಿತು ಎಂದ ಗೌರೀಶಂಕರ. ನಿಂತಲ್ಲೇ ನಿಂತ ಗಾಡಿಯನ್ನು ಅವಳು ಕಣ್ಣರಳಿಸಿ ಮತ್ತೊಮ್ಮೆ ನೋಡಿದಳು.

ಮಳೆಗಾಲಕ್ಕೆ ಮೊದಲು ಕಂಬ ಬಂತು, ಜಗಲಿಯಲ್ಲಿ ಬಲ್ಬು ಉರಿಯಿತು. ಸೀತು ಒಂದು ಬೀಡಿ ಕಟ್ಟಿ ಬೆಳಕಿಗೆ ಹಿಡಿದಳು. ಎಲೆಯ ನರ, ಸುತ್ತಿದ ನೂಲು, ಮಡಚಿದ ತುದಿ, ಎಲ್ಲ ನಿಚ್ಚಳವಾಗಿ ಕಂಡವು. ಇನ್ನೊಂದು ಕಟ್ಟಿ ನೋಡಿದಳು, ಅದೂ ಕಂಡಿತು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಇಷ್ಟು ವರ್ಷ ಬೆಳಕು ಇರಲಿಲ್ಲ, ಅಷ್ಟೇ. ರೈಗಳ ಮೇಲೆ ಅವಳಿಗೆ ನಿಜವಾದ ಸಿಟ್ಟು ಬಂದದ್ದು ಆಗ.