ಗುಂಡಮ್ಮನನ್ನು ಬಿಟ್ಟು ಬರುವ ವಾರ

ಲಿಫ್ಟ್ ರಿಪೇರಿ ಮಾಡುವವರಿಗೆ ಒಂದು ಅಭ್ಯಾಸವಿರುತ್ತದೆ. ಕೆಲಸ ಮುಗಿಯಿತೆಂದು ಸುಮ್ಮನೆ ಹೊರಡುವುದಿಲ್ಲ. ಬಾಗಿಲನ್ನು ಮೂರು ಸಲ ತೆಗೆದು ಮುಚ್ಚಿ, ಮೇಲಕ್ಕೂ ಕೆಳಕ್ಕೂ ಮೂರು ಸಲ ಓಡಾಡಿಸಿ, ಆಮೇಲೆಯೇ ಸ್ಪ್ಯಾನರನ್ನು ಚೀಲಕ್ಕೆ ಹಾಕುತ್ತಾರೆ. ನಮ್ಮ ಮೆಕ್ಯಾನಿಕ್ ಈ ಅಭ್ಯಾಸದಿಂದಲೇ ಹನ್ನೆರಡು ವರ್ಷ ಒಳ್ಳೆಯ ಹೆಸರು ಗಳಿಸಿದ್ದ. ಶಿಶುವಿಹಾರದಲ್ಲಿ ಮಾತ್ರ ಅದೇ ಅವನ ಮಾನ ಕಳೆಯಿತು.

ಅವನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹೆರಿಗೆ ರಜೆ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದಳು. ಹತ್ತು ತಿಂಗಳ ಮಗಳು ಕೆನ್ನೆಯ ದೆಸೆಯಿಂದ ಗುಂಡಮ್ಮ ಎಂದೇ ಹೆಸರಾದವಳು. ಅವಳನ್ನು ಶಿಶುವಿಹಾರಕ್ಕೆ ಒಗ್ಗಿಸಲೆಂದು ಅಪ್ಪ ಒಂದು ವಾರ ರಜೆ ಹಾಕಿದ್ದ. ಅಲ್ಲಿನ ನಿಯಮ ಖಡಾಖಂಡಿತ. ಶನಿವಾರದೊಳಗೆ ಮಗು ಹೆತ್ತವರಿಲ್ಲದೆ ಎರಡು ಗಂಟೆ ಇರಬೇಕು, ಇಲ್ಲದಿದ್ದರೆ ಜಾಗ ಕಾಯುತ್ತಿರುವ ಇನ್ನೊಂದು ಮಗುವಿಗೆ. ಹಾಗಾದರೆ ಹೆಂಡತಿ ಕೆಲಸ ಬಿಡಬೇಕಾಗುತ್ತಿತ್ತು. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಸೋಮವಾರ ಅಪ್ಪ ಮಕ್ಕಳ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತೇ ಇದ್ದ. ಗುಂಡಮ್ಮ ನಕ್ಕಳು, ತೆವಳಿದಳು, ಯಾರದೋ ಕಾಲ್ಚೀಲ ಬಾಯಿಗೆ ಹಾಕಿಕೊಂಡಳು. ಮಂಗಳವಾರ ಅವನು ಹೊರಗೆ ಹೋದ. ಒಳಗಿಂದ ಅಳು ಕೇಳಿತು, ನಿಂತಿತು. ನಿಜಕ್ಕೂ ನಿಂತಿದೆಯೋ ಎಂದು ಪರೀಕ್ಷಿಸಲು ಬಾಗಿಲ ಸಂದಿಯಿಂದ ಇಣುಕಿದ. ಗುಂಡಮ್ಮನ ಕಣ್ಣಿಗೆ ಬಿದ್ದ. ಅವಳು ಸೂರು ಹಾರಿಹೋಗುವಂತೆ ಕಿರುಚಿದಳು. ಬುಧವಾರ ಕಿಟಕಿಯಿಂದ ಇಣುಕಿದ, ಗುರುವಾರ ಅಡುಗೆಮನೆಯ ಕಡೆಯಿಂದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕಲಿತ ಗುಣವೂ ಹಾಗೆಯೇ.

ಶಿಶುವಿಹಾರ ನಡೆಸುವ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದರು. ಪ್ರತಿ ಮಗುವಿನ ಅಳುವನ್ನೂ, ಶುರುವಾದ ಹೊತ್ತು, ನಿಂತ ಹೊತ್ತು, ಕಾರಣ ಸಮೇತ ಪುಸ್ತಕದಲ್ಲಿ ಬರೆದಿಡುವುದು ಅವರ ಪದ್ಧತಿ. ಶುಕ್ರವಾರ ಅವರು ಆ ಪುಸ್ತಕವನ್ನು ಮೆಕ್ಯಾನಿಕ್‌ನ ಮುಂದೆ ತೆರೆದಿಟ್ಟರು.

"ಓದಿ ನೋಡಿ."

ಅವನು ಓದಿದ. ಹಸಿವು, ಒಂದು ಸಲ. ನಿದ್ದೆ, ಎರಡು ಸಲ. ಅಪ್ಪನ ಮುಖ, ಹದಿನಾಲ್ಕು ಸಲ.

"ಮಗು ಒಗ್ಗಿ ಮೂರು ದಿನ ಆಯ್ತು. ಒಗ್ಗದೆ ಇರೋರು ನೀವು," ಅಂದರು ದೊಡ್ಡಕ್ಕ. "ಮಾಯ್ತಿರೋ ಗಾಯಾನ ಕೆರೆದು ಕೆರೆದು ನೋಡ್ತಿದೀರಿ. ನಾಳೆ ಒಂದೇ ಸಲ ಹೋಗಿ ಬರ್ತೀನಿ ಅನ್ನಿ, ತಿರುಗಿ ನೋಡದೆ ನಡೀರಿ. ಎರಡು ಗಂಟೆ ನಿಮ್ಮ ಮುಖ ಈ ಬೀದೀಲೇ ಕಾಣಬಾರದು."

ಅವನು ತಲೆಯಾಡಿಸಿ ಒಪ್ಪಿಕೊಂಡ. ಬರೆದದ್ದು ಕಣ್ಣ ಮುಂದೆಯೇ ಇತ್ತಲ್ಲ!

ಶನಿವಾರ ಒಂಬತ್ತಕ್ಕೆ ಮಗಳನ್ನು ದೊಡ್ಡಕ್ಕನ ಕೈಗೆ ಕೊಟ್ಟು, "ಹೋಗಿ ಬರ್ತೀನಿ ಗುಂಡಮ್ಮ," ಅಂದ. ಬೆನ್ನ ಹಿಂದೆ ರಾಗ ಶುರುವಾಯಿತು. ಅವನು ತಿರುಗಲಿಲ್ಲ. ಗೇಟು ದಾಟಿ, ಎರಡು ಬೀದಿ ಆಚೆಯ ಚಹಾ ಅಂಗಡಿಯ ಬೆಂಚಿನ ಮೇಲೆ ಕುಸಿದ. ನಾಲ್ಕು ಲೋಟ ಚಹಾ ಕುಡಿದರೂ ಗಡಿಯಾರ ಹತ್ತು ದಾಟಲಿಲ್ಲ. ಆಗ ಲ್ಯಾಬಿನಿಂದ ಹೆಂಡತಿಯ ಫೋನು.

"ಅಳ್ತಿದಾಳೇನ್ರೀ?"

"ಗೊತ್ತಿಲ್ಲ."

"ಹಾಗಂದ್ರೇನ್ರೀ? ಒಂದೇ ಒಂದು ಸಲ, ದೂರದಿಂದ ನೋಡ್ಕೊಂಡು ಬನ್ನಿ."

ಅವನಿಗೂ ಬೇಕಾಗಿದ್ದು ಅದೇ. ಎದ್ದೂಬಿಟ್ಟ. ಬೀದಿಯ ತಿರುವಿನ ತನಕ ಹೋಗಿ, ಕಂಬ ಹಿಡಿದು ನಿಂತ.

"ಇಲ್ಲ ಕಣೇ. ನೋಡಿದ್ರೆ ಅವಳು ಅಳ್ತಾಳೆ, ನೋಡದೆ ಇದ್ರೆ ನಾವಿಬ್ರು ಅಳ್ತೀವಿ. ನಾವೇ ಅಳೋಣ, ವಾಸಿ." ಇಷ್ಟು ಹೇಳಿ ಬೆಂಚಿಗೆ ಮರಳಿದ. ಹನ್ನೆರಡು ವರ್ಷದಲ್ಲಿ ಅವನು ಪರೀಕ್ಷೆ ಮಾಡದೆ ಬಿಟ್ಟ ಮೊದಲ ಕೆಲಸ ಅದು. ಐದನೆಯ ಲೋಟ ಚಹಾ ತರಿಸಿಕೊಂಡ.

ಹನ್ನೊಂದು ಹೊಡೆಯುತ್ತಲೇ ಓಡಿದ. ಗುಂಡಮ್ಮ ಚಾಪೆಯ ಮೇಲೆ ಇನ್ನೊಂದು ಬೊಚ್ಚುಬಾಯಿಯ ಮಗುವಿನ ಎದುರು ಕುಳಿತು, ಪಾತ್ರೆಯ ಮುಚ್ಚಳವನ್ನು ನೆಲಕ್ಕೆ ಬಡಿಯುತ್ತಾ ಕೇಕೆ ಹಾಕುತ್ತಿದ್ದಳು. ಅಪ್ಪನನ್ನು ಕಂಡು ನಕ್ಕಳು, ಮತ್ತೆ ಬಡಿಯತೊಡಗಿದಳು.

"ಏಳು ನಿಮಿಷ ಅತ್ಲು, ಅಷ್ಟೇ. ಜಾಗ ನಿಮ್ಮದೇ," ಅಂದರು ದೊಡ್ಡಕ್ಕ.

ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಮಗಳನ್ನು ಎತ್ತಿಕೊಂಡು ಬಾಗಿಲ ಕಡೆ ತಿರುಗಿದ್ದೇ ತಡ, ಅವಳು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಚಾಪೆಯ ಕಡೆ ಎರಡೂ ಕೈ ಚಾಚಿ ಗಂಟಲು ಹರಿಯುವಂತೆ ಅತ್ತಳು. ಅಷ್ಟರಲ್ಲಿ ಮತ್ತೆ ಫೋನು.

"ಅಯ್ಯೋ, ಇನ್ನೂ ಅಳ್ತಿದಾಳಲ್ರೀ! ಬೇಡ, ನಾನು ಕೆಲಸ ಬಿಟ್ಬಿಡ್ತೀನಿ."

"ಬಿಡಬೇಡ ಮಾರಾಯ್ತಿ. ಮನೆಗೆ ಬರಲ್ಲ ಅಂತ ಅಳ್ತಿದಾಳೆ."

ಆ ಕಡೆ ನಗು ಕೇಳಿತು, ನಗುವಿನ ಹಿಂದೆಯೇ ಮೂಗು ಸೇದುವ ಸದ್ದು.

"ಒಂದೇ ವಾರಕ್ಕೆ ನಾವು ಬೇಡವಾದ್ವಾ ಇವಳಿಗೆ?" ಅಂದಳು ಹೆಂಡತಿ.

ಅವನಿಗೂ ಎದೆಯಲ್ಲಿ ಚುಳ್ಳೆಂದಿತು. ಆದರೂ ನಗುತ್ತಲೇ ನಿಂತಿದ್ದ.

"ನೀನು ಅಳೋದು ಮುಗಿಸಿ ಸೋಮವಾರದ ಪಾಳಿಗೆ ಹೆಸರು ಬರೆಸು," ಅಂದ.

ಅವಳು ಆ ಕ್ಷಣವೇ ಹೋಗಿ ಬರೆಸಿದಳು.