ಪಾವಡಿಯ ಹುಲ್ಲಿಗೊಂದು ಹೊದಿಕೆ

ಮುತ್ತಮ್ಮನ ಬೀದಿಯಲ್ಲಿ ಗಾಳಿ ಬೀಸಿದರೆ ಸಾಕು, ಕೆಮ್ಮಣ್ಣು ಏಳುತ್ತಿತ್ತು. ಬೇರೆಯವರಿಗೆ ಅದು ಬರೀ ಧೂಳು. ಅವಳಂಥ ಸೇಲಂನ ನೇಕಾರರಿಗೆ ಅದು ಶತ್ರು. ಮಗ್ಗಕ್ಕೆ ಏರಿಸುವ ಮೊದಲು ಉದ್ದನೂಲಿನ ಹಾಸನ್ನು, ಅಂದರೆ ಪಾವನ್ನು, ಬಯಲಲ್ಲಿ ಚಾಚಿ ಗಂಜಿ ಹಚ್ಚಬೇಕು. ಆ ಬಯಲಿಗೆ ಪಾವಡಿ ಎನ್ನುತ್ತಾರೆ. ಹಸಿ ಗಂಜಿಯ ಮೇಲೆ ಕೂತ ಧೂಳು ಮತ್ತೆ ಬಿಡುವುದಿಲ್ಲ. ಅದಕ್ಕೇ ಆ ಬೀದಿಯ ಹಿರಿಯರು ಪಾವಡಿಯ ತುಂಬ ಗರಿಕೆ ಹುಲ್ಲು ಬೆಳೆಸಿದ್ದರು.

ಈಗ ಆ ಹುಲ್ಲು ಒಣಗುತ್ತಿತ್ತು. ಮಗಳು ಶರಣ್ಯಳ ಮದುವೆ ಹತ್ತಿರ ಬಂದಿತ್ತು. ಅಳಿಯ ಉಡುವ ಬಿಳಿ ಪಂಚೆಯನ್ನು ಮನೆಯ ಮಗ್ಗದಲ್ಲೇ ನೇಯಬೇಕೆಂಬುದು ಮುತ್ತಮ್ಮನ ಹಟ. ನೂಲೋ ಬಿಳಿ, ಮಣ್ಣೋ ಕೆಂಪು. ದಿನಾ ಬೆಳಗ್ಗೆ ಅವಳು ತನ್ನ ಮನೆ ಮುಂದಿನ ಅರ್ಧ ಪಾವಡಿಯನ್ನು ಒಂದು ಎಲೆಯೂ ಉಳಿಯದಂತೆ ಗುಡಿಸಿ, ಕಸಕ್ಕೆ ಬೆಂಕಿ ಇಡುತ್ತಿದ್ದಳು.

ಆಚೆಯ ಅರ್ಧ ಕಲೈವಾಣಿಯ ಮನೆ ಮುಂದಿತ್ತು. ಅವಳು ಪಾಪಿರೆಡ್ಡಿಪಟ್ಟಿಯ ರೈತರ ಮನೆಯ ಹೆಣ್ಣು, ಹೋದ ವರ್ಷ ಬಾಡಿಗೆಗೆ ಬಂದವಳು. ಒಂದು ಬೆಳಗ್ಗೆ ಮುತ್ತಮ್ಮ ಬಾಗಿಲ ಸಂದಿಯಿಂದ ನೋಡಿದಳು. ಕಲೈವಾಣಿ ಕೊಯ್ದ ಹುಲ್ಲಿನ ಚೂರುಗಳನ್ನೂ ಬೇವಿನ ತರಗೆಲೆಯನ್ನೂ ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿ, ಏನೋ ಗೊಣಗುತ್ತಾ ಹುಲ್ಲಿನ ಮೇಲೆ ಎರಚುತ್ತಿದ್ದಳು.

ಮುತ್ತಮ್ಮ ಗಂಡ ಪಳನಿಯಪ್ಪನ್‌ನನ್ನು ತಟ್ಟಿ ಎಬ್ಬಿಸಿದಳು. "ನೋಡ್ರೀ! ಬೇವಿನೆಲೆ! ಮಂತ್ರ ಬೇರೆ! ಮದುವೆ ಮನೆಗೆ ಏನೋ ಮಾಟ ಮಾಡ್ತವ್ಳೆ."

ಅವನು ಕಿವಿಗೊಟ್ಟು ಕೇಳಿದ. "ಮಂತ್ರ ಅಲ್ಲ ಕಣೇ, ಸಿನಿಮಾ ಪಾಟ್ಟು, ರಾಗ ಕೇಳ್ತಿಲ್ವಾ? ನಿನ್ ಕಿವಿಗೆ ಎಲ್ಲಾ ಮಂತ್ರನೇ."

ಮುತ್ತಮ್ಮ ಪೊರಕೆ ಹಿಡಿದುಕೊಂಡೇ ಹೊರಗೆ ಬಂದಳು. "ಏನೇ ಕಲೈ, ನಾನು ಗುಡಿಸೋದು, ನೀನು ಕಸ ಆಕೋದಾ?"

"ಕಸ ಅಲ್ಲಕ್ಕಾ, ಉಲ್ಲಿಗೆ ಒದಿಕೆ. ನಮ್ಮೂರಲ್ಲಿ ಅರಿಶಿನದ ಪಾತಿಗೆ ಇಂಗೇ ಸೊಪ್ಪು ಮುಚ್ತೀವಿ. ಬಿಸಿಲು ಮಣ್ಣಿಗೆ ನೇರ ಬೀಳಲ್ಲ, ತೇವ ನಿಲ್ತದೆ. ಆಮೇಲೆ ಕೊಳೆತು ಅದೇ ಗೊಬ್ಬರ."

"ಆವು-ಚೇಳು ಬಂದು ಸೇರ್ಕೊಂಡ್ರೆ?"

"ರಾಶಿ ಆಕಿದ್ರೆ ತಾನೇ ಆವು ಸೇರೋದು? ನೋಡಕ್ಕಾ, ಗರಿಕೆ ತಲೆ ಎಲ್ಲಾ ಮೇಲೇ ಕಾಣ್ತೈತೆ. ಅಷ್ಟು ತೆಳ್ಳಗೆ ಆಕ್ಬೇಕು. ಅಸಿ ಉಲ್ಲು ದಪ್ಪಗೆ ಆಕಿದ್ರೆ ಅಂಟ್ಕೊಂಡು ನಾರ್ತದೆ."

"ಪಾವು ಚಾಚಿದ್ ದಿನ ಎಲೆ ಗಾಳಿಗೆ ಆರಿ ಬಂದು ಗಂಜಿಗೆ ಅಂಟಿದ್ರೆ?"

"ಅದಕ್ಕೇ ಪುಡಿ ಮಾಡಿ ನೀರು ಚಿಮುಕ್ಸೋದು. ಉಲ್ಲೊಳಗೆ ಇಳಿದು ಕೂತ್ಕೊಳ್ತದೆ."

ಎಲ್ಲದಕ್ಕೂ ಉತ್ತರ ಇಟ್ಟುಕೊಂಡವಳನ್ನು ಹೇಗೆ ನಂಬುವುದು? ಮುತ್ತಮ್ಮ ಪೊರಕೆಯಿಂದ ನೆಲದ ಮೇಲೆ ಗೆರೆ ಎಳೆದಳು. "ಈ ಕಡೆ ಒಂದೆಲೆ ಬಿದ್ರೂ ನೋಡ್ಕೋ!"

"ಸರಿ ಬಿಡಕ್ಕಾ. ನಿನ್ ಕಡೆ ನೀನು, ನನ್ ಕಡೆ ನಾನು," ಎಂದು ಕಲೈವಾಣಿ ನಕ್ಕಳು.

ಅಂದಿನಿಂದ ಮುತ್ತಮ್ಮ ಇನ್ನೂ ಬಿರುಸಾಗಿ ಗುಡಿಸಿದಳು. ಎಲೆಯ ಜೊತೆ ಮೇಲ್ಮಣ್ಣೂ ಪೊರಕೆಗೆ ಬರುತ್ತಿತ್ತು. ಅದು ಅವಳ ಕಣ್ಣಿಗೆ ಬೀಳಲಿಲ್ಲ. ಅವಳ ಕಣ್ಣು ಗೆರೆಯ ಆಚೆಗಿತ್ತು.

ಕೆಲವು ವಾರ ಕಳೆದು ಪಂಚೆಯ ಪಾವು ಚಾಚುವ ದಿನ ಬಂತು. ಪಾವಿಗೆ ಗೆರೆ ಗೊತ್ತಿಲ್ಲ, ಅದು ಈ ತುದಿಯಿಂದ ಆ ತುದಿಯವರೆಗೂ ಚಾಚಿತು. ಪಳನಿಯಪ್ಪನ್ ಮತ್ತು ಜೊತೆಯವರು ಗಂಜಿ ಹಚ್ಚುತ್ತಾ ಓಡಾಡಿದರು. ಅಷ್ಟರಲ್ಲಿ ಪಕ್ಕದಿಂದ ಗಾಳಿ ಬೀಸಿತು.

ನೂಲು ಒಣಗಿದ ಮೇಲೆ ಮುತ್ತಮ್ಮ ಪಾವಿನ ಉದ್ದಕ್ಕೂ ನಡೆದಳು. ತನ್ನ ಕಡೆ ಇಡೀ ನೂಲು ಕೆಂಪಗೆ ಮಸುಕಾಗಿತ್ತು. ಗೆರೆ ದಾಟಿದ ಮೇಲೆ ಮಲ್ಲಿಗೆಯಷ್ಟು ಬಿಳಿ. ಅದೇ ನೂಲು, ಅದೇ ಗಂಜಿ, ಅದೇ ಗಾಳಿ.

"ಅವಳೇ ನನ್ ಕಡೆ ಮಣ್ಣು ಎರಚಿರ್ಬೇಕು!"

"ಬೆಳಗ್ಗಿಂದ ನಿನ್ ಕಣ್ಣು ಅವಳ ಮೇಲೇ ಐತಲ್ಲ," ಎಂದ ಪಳನಿಯಪ್ಪನ್. "ಯಾವಾಗ ಎರಚಿದ್ಲು, ನೀನೇ ಯೋಳು."

ಮುತ್ತಮ್ಮ ಗೆರೆಯ ಮೇಲೆ ಕುಕ್ಕುರುಗಾಲಲ್ಲಿ ಕೂತಳು. ಒಂದು ಕೈಯನ್ನು ತನ್ನ ಕಡೆ ಇಟ್ಟಳು. ನೆಲ ಕಾದ ಹೆಂಚಿನಂತಿತ್ತು, ಬೇರುಗಳು ಬೆತ್ತಲೆಯಾಗಿದ್ದವು, ಅಂಗೈ ಕೆಂಪಾಯಿತು. ಇನ್ನೊಂದು ಕೈಯನ್ನು ಗರಿಕೆಯೊಳಗೆ ತೂರಿಸಿದಳು. ತಣ್ಣಗಿತ್ತು. ಎಲೆಪುಡಿ ಕಪ್ಪಗೆ ಮೆತ್ತಗಾಗಿತ್ತು. ಒಂದು ಎರೆಹುಳು ಬೆರಳು ತಾಕಿ ಸರಿದುಹೋಯಿತು.

ಬಿಳಿಯಾಗಿ ಉಳಿದ ಅರ್ಧದಲ್ಲಿ ಅಳಿಯನ ಪಂಚೆ ನೇಯ್ದದ್ದಾಯಿತು. ಕೆಂಪಾದ ಅರ್ಧ ಪಳನಿಯಪ್ಪನ್‌ನ ಪಾಲಿಗೆ ಬಂತು. "ಮಾವನಿಗೆ ಕೆಂಪು ಪಂಚೆ, ಜೋರಾಗೈತೆ," ಎಂದು ಅವನು ಬೀದಿಯೆಲ್ಲ ತೋರಿಸಿಕೊಂಡು ತಿರುಗಿದ.

ಪಾವು ಚಾಚಿದ ಮರುದಿನವೇ ಮುತ್ತಮ್ಮ ಎಲೆ ಗುಡಿಸಿದಳು, ಆದರೆ ಬೆಂಕಿ ಇಡಲಿಲ್ಲ. ಬುಟ್ಟಿಗೆ ತುಂಬಿಕೊಂಡು ಗೆರೆ ದಾಟಿದಳು.

"ಲೇ ಕಲೈ, ಎಷ್ಟು ಆಕ್ಬೇಕು? ಸರಿಯಾಗಿ ಯೋಳು." ಆಮೇಲೆ ದನಿ ತಗ್ಗಿಸಿ ಕೇಳಿದಳು. "ಆ ಪಾಟ್ಟೂ ಆಡ್ಬೇಕಾ?"

"ಆಡದಿದ್ರೂ ಬೆಳೀತೈತೆ ಅಕ್ಕಾ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳದಲ್ಲೋ ಶಾಲೆಯ ಮುಂದೆಯೋ ಹುಲ್ಲುಹಾಸು ಇದ್ದರೆ ಎಲೆ ಸುಡಬೇಡಿ. ಹುಲ್ಲನ್ನು ಬುಡಕ್ಕೆ ಕೊಯ್ಯಬೇಡಿ, ತುದಿ ಮಾತ್ರ ಕೊಯ್ದು, ಆ ಚೂರನ್ನೂ ಪುಡಿ ಮಾಡಿದ ತರಗೆಲೆಯನ್ನೂ ಅಲ್ಲೇ ತೆಳ್ಳಗೆ ಹರಡಿ. ಕಳೆನಾಶಕ ಹೊಡೆದ ಹುಲ್ಲು ಮಾತ್ರ ಬೇಡ. ನಂಬಿಕೆ ಬರುತ್ತಿಲ್ಲವೇ? ಮುತ್ತಮ್ಮನಂತೆ ಅನುಮಾನಪಡಿ, ತಪ್ಪೇನಿಲ್ಲ. ಅರ್ಧ ಅಂಗಳಕ್ಕೆ ಹೊದಿಸಿ, ಅರ್ಧ ಹಾಗೇ ಬಿಡಿ. ಕೆಲವು ವಾರ ಕಳೆದು, ಸುಡು ಮಧ್ಯಾಹ್ನದಲ್ಲಿ ಎರಡೂ ಕಡೆ ಅಂಗೈ ಇಟ್ಟು ನೋಡಿ.